ಬೆಲ್ಲದ ವಾಸನೆ

ಓಬಳಮ್ಮ ಮತ್ತೆ ಬಸಿರಾಗುವ ಮುಂಚೆಯೇ ಬಂದು ಹೇಳುತ್ತೇನೆ ಎಂದು ಪ್ರೊಫೆಸರು ಮಾತು ಕೊಟ್ಟಿದ್ದರು. ಅರವತ್ತೆರಡನೇ ಇಸವಿ. ಮಿಡಿಗೇಶಿಯ ನಮ್ಮ ಬೀದಿಯಲ್ಲೇ, ಜೀಪಿಗೆ ಒರಗಿ ನಿಂತು ಹೇಳಿದ್ದರು.

ಆಗ ಅವಳ ಎರಡನೇ ಕೂಸು ಸತ್ತು ವಾರವಾಗಿರಲಿಲ್ಲ. ಎರಡೂ ಒಂದೇ ರೀತಿ ಹೋದವು. ಹುಟ್ಟುವಾಗ ದುಂಡಗಿದ್ದವು. ಆಮೇಲೆ ಮೊಲೆ ಬಿಟ್ಟವು, ಬಿಲ್ಲಿನಂತೆ ಸೆಟೆದವು. ಉಚ್ಚೆ ಬಟ್ಟೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಮೊದಲ ಸಲ ಅಜ್ಜಿ ನರಸಮ್ಮ ಆ ಬಟ್ಟೆ ಮೂಸಿ ಹಿಗ್ಗಿದ್ದಳು. "ಲಕ್ಷ್ಮಿ ಕಣೇ, ಸಿಹಿ ಹೊತ್ಕೊಂಡು ಬಂದವ್ಳೆ" ಎಂದು ಬೀದಿಗೆಲ್ಲ ಬೆಲ್ಲ ಹಂಚಿದ್ದಳು. ಎರಡನೇ ಸಲ ವಾಸನೆ ಬಂದಾಗ ಬಟ್ಟೆಯನ್ನು ಮಡಿಸಿ ಮೂಲೆಗಿಟ್ಟಳು.

ನರಸಮ್ಮ ಓಬಳಮ್ಮನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಸೋದರಮಾವ ಬೈಲಪ್ಪನಿಗೇ ಅವಳನ್ನು ಕೊಟ್ಟಿತ್ತು. ಅಕ್ಕನ ಮಗಳಿರುವಾಗ ಹೊರಗಿನ ಹೆಣ್ಣು ತಂದರೆ ನಮ್ಮಲ್ಲಿ ಜನ ಆಡಿಕೊಳ್ಳುತ್ತಾರೆ.

ಕೂಸನ್ನು ತೋರಿಸಿದ್ದ ಮಧುಗಿರಿ ಆಸ್ಪತ್ರೆಯಿಂದ ಸುದ್ದಿ ಹೋಗಿ ಪ್ರೊಫೆಸರು, ಅವರ ಜೊತೆ ಯೂನಿವರ್ಸಿಟಿಯ ಹೊಸ ಸಂಸ್ಥೆಯವರು ಬಂದರು. ರಕ್ತದೊಳಗೆ ಕಣ್ಣಿಗೆ ಕಾಣದ ಅಣುಗಳನ್ನು ಹುಡುಕುವ ಜಾಗವಂತೆ. ಉಚ್ಚೆ ಬಟ್ಟೆಗಳನ್ನು ಗಾಜಿನ ಜಾಡಿಗೆ ತುಂಬಿದರು. ಮನೆಯವರ ತೋಳಿನಿಂದ ರಕ್ತ ಎಳೆದರು.

"ತಕ್ಕಳಿ ಸ್ವಾಮಿ, ಕಂಟ್ರಾಕ್ಟ್ರು ಕುಡ್ದು ಬುಟ್ಟಿದ್ದು ಇನ್ನೊಂಚೂರು ಅದೆ" ಎಂದ, ಕಲ್ಲು ಒಡೆಯುವ ಬೈಲಪ್ಪ.

ಓಬಳಮ್ಮ ಒಂದೇ ಕೇಳಿದಳು. "ಇನ್ನೊಂದು ಹೆರಬೋದಾ, ಬ್ಯಾಡ್ವಾ? ಅಷ್ಟು ಹೇಳ್ಬುಡಿ."

"ಪರೀಕ್ಷೆ ಮಾಡಿ ತಿಳ್ಕೋತೀವಮ್ಮ. ನೀನು ಮತ್ತೆ ಬಸಿರಾಗೋ ಮುಂಚೆ ನಾನೇ ಬಂದು ಹೇಳ್ತೀನಿ."

ಓಬಳಮ್ಮ ಕಾದಳು. ಗಂಡನ ಬಿಟ್ಟು ಅಜ್ಜಿಯ ಮಗ್ಗುಲಲ್ಲಿ ಮಲಗಿದಳು. ಕಡ್ಲೆಕಾಯಿ ಸುಲಿಯುವ ಹೆಂಗಸರು ಬಿಡಲಿಲ್ಲ. "ಯಾಕೆ ಓಬಳಿ, ಜೀಪ್ನೋನು ಬಂದು ಸೋಬಾನೆ ಹಾಡ್ಬೇಕಾ?"

ಸುಗ್ಗಿ ಬಂದು ಹೋಯಿತು, ಇನ್ನೊಂದೂ ಹೋಯಿತು. ಜೀಪು ಬರಲಿಲ್ಲ.

"ಕೆಟ್ಟದ್ದಿದ್ರೆ ಬಂದು ಹೇಳ್ತಿರ್ಲಿಲ್ವೇನೇ?" ಎಂದಳು ನರಸಮ್ಮ. "ಓದ್ದೋರು ಕಣೇ ಅವ್ರು. ಸುಮ್ಕವ್ರೆ ಅಂದ್ರೆ ಏನೂ ಇಲ್ಲ ಅಂತ."

ಓಬಳಮ್ಮ ಮತ್ತೆ ಬಸಿರಾದಳು. ಗಂಡು ಕೂಸು ಹುಟ್ಟಿತು. ಕೆಲವು ದಿನಕ್ಕೆ ಬಟ್ಟೆಯಿಂದ ಅದೇ ವಾಸನೆ ಬಂತು. ಸೂಲಗಿತ್ತಿ ಕುಲ್ಸುಮ್, ಔಷಧಿ ಸಿಕ್ಕೀತೆಂದು ಬಸ್ ಕಂಡಕ್ಟರನ ಕೈಲಿ ಆಸ್ಪತ್ರೆಗೆ ಹೇಳಿ ಕಳಿಸಿದಳು. ಮಾರನೇ ದಿನವೇ ಜೀಪು ಬಂತು.

"ಮದ್ದು ತಂದ್ರಾ ಸ್ವಾಮಿ?"

"ಇದಕ್ಕೆ ಮದ್ದು ನಮ್ಮಲ್ಲಿಲ್ಲಮ್ಮ." ಪ್ರೊಫೆಸರು ಜಾಡಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು. "ನಿಮ್ಮಿಬ್ಬರದೂ ಒಂದೇ ಮನೆ ರಕ್ತ. ದೋಷ ಇಬ್ಬರಲ್ಲೂ ಇದೆ. ಮುಂದೆ ಹುಟ್ಟೋವಕ್ಕೂ ಹೀಗೇ ಆಗಬಹುದು."

"ಯಾವಾಗ ಗೊತ್ತಾತು?" ಬೈಲಪ್ಪ ಕೇಳಿದ.

"ಹೋದ ವರ್ಷ. ಡೆಲ್ಲಿಯ ಸಭೆಯಲ್ಲಿ ಇದರ ಮೇಲೆ ಪ್ರಬಂಧ ಓದಿದೆವು. ಬಟ್ಟೆ ಸಾಲದು, ಬದುಕಿರೋ ಕೂಸಿನ ರಕ್ತ ಬೇಕು ಅಂದರು."

"ನಮಗೆ ಹೇಳ್ಲಿಲ್ಲ."

"ಹೇಳಿದ್ರೆ ಇದನ್ನ ಹೆರ್ತಿದ್ರಾ?" ಮೆತ್ತಗೆ ಕೇಳಿದರು. ಸಿರಿಂಜು ಕೈಯಲ್ಲಿತ್ತು.

"ಯಾ ಅಲ್ಲಾ" ಎಂದಳು ಕುಲ್ಸುಮ್. "ಕುರಿ ಕುಯ್ಯೋನೂ ನೀರು ಕುಡ್ಸಿ ಕುಯ್ತಾನೆ ಸಾಬ್."

ಓಬಳಮ್ಮ ಅಳಲಿಲ್ಲ. ಎದ್ದು ಹೋಗಿ ಕೂಸಿನ ಬಟ್ಟೆಗಳನ್ನೆಲ್ಲ ಕುದಿಯುವ ಹಂಡೆಗೆ ಹಾಕಿದಳು. ನರಸಮ್ಮ ಕೂಸಿನ ಕೆಳಗಿದ್ದ ಬಟ್ಟೆಯನ್ನೂ ಎಳೆದು ತಂದು ಹಾಕಿದಳು. ಪುರುಡಿನ ಮನೆಗೆ ಕಾಲಿಡದ ಬೀದಿಯ ಹೆಂಗಸರು ಅಂದು ಹೊಸ್ತಿಲು ದಾಟಿದರು. ಆಡಿಕೊಂಡಿದ್ದವರೂ ಇದ್ದರು. ಕೂಸು ಮಲಗಿದ್ದ ಮೊರದ ಸುತ್ತ ನಿಂತರು.

"ಮುಟ್ಬ್ಯಾಡಿ" ಎಂದಳು ಓಬಳಮ್ಮ.

ಪ್ರೊಫೆಸರು ಸಿರಿಂಜನ್ನು ಪೆಟ್ಟಿಗೆಗೆ ಹಾಕಿದರು. ಜಾಡಿಗಳು ಖಾಲಿ ಹೋದವು.

ಕೂಸು ಆ ವಾರ ಸತ್ತಿತು. ಬಸಿರಾಗುವ ಮುಂಚೆ ಬಂದು ಹೇಳುತ್ತೇನೆ ಎಂದಿದ್ದರು. ಹೇಳಲಿಲ್ಲ.