ಬಲಿತ ಕಪ್ಪು

ಕಣ್ಣಿಡುವ ರಬ್ಬರಿನ ಬಳೆ ಇನ್ನೂ ಬೆಚ್ಚಗಿದೆ, ಡಾಕ್ಟರಮ್ಮನ ಹುಬ್ಬಿನ ಬಿಸಿ, ಇನ್ನೊಂದು ತಟ್ಟೆ ನೋಡಿ ಈಗತಾನೇ ಎದ್ದು ಜಾಗ ಬಿಟ್ಟಿದ್ದಾರೆ, ಬಾ, ಇದನ್ನು ಮೊದಲು ನೀನು ನೋಡು ಎಂದು, ಪ್ರಯೋಗಾಲಯದ ಗಾಜು ತೊಳೆಯುವವಳಿಗೆ ಸೂಕ್ಷ್ಮದರ್ಶಕದ ಕುರ್ಚಿ — ಒದ್ದೆ ಕೈ ಅಂಗಿಗೆ ಒರೆಸಿಕೊಂಡು ಅವಳು ಬಗ್ಗುತ್ತಾಳೆ, ಮೊದಲು ತನ್ನ ರೆಪ್ಪೆಯೇ ಅಡ್ಡ, ಆಮೇಲೆ ಬೆಳಕು, ಆಮೇಲೆ ಆ ಕಪ್ಪು, ಆರು ಮೂಲೆಯ ಹಾಸುಗಲ್ಲುಗಳಂತೆ ಒಂದಕ್ಕೊಂದು ಅಂಟಿ ಕೂತ ಕಪ್ಪು ಕೋಶಗಳು, ಅವಳೇ ಸಾಕಿದವು, ಕದ್ದು ಸಾಕಿದವು. ಕದ್ದು ಅಂದರೆ ಕದ್ದೇನಲ್ಲ, ಎಸೆ ಎಂದಿದ್ದನ್ನು ಎಸೆಯಲಿಲ್ಲ, ಅಷ್ಟೆ. ಇಲ್ಲಿಯ ಪದ್ಧತಿಯೇ ಹಾಗೆ, ಕಣ್ಣಿನ ಬಣ್ಣದ ಕೋಶಗಳು ತಟ್ಟೆಯ ತಳ ತುಂಬಿದವೋ, ಹದಿನೈದನೇ ದಿನಕ್ಕೆ ಪ್ರಯೋಗಕ್ಕೆ, ಮಿಕ್ಕಿದ್ದು ಬ್ಲೀಚಿಗೆ, ಮೂಲೇಲಿರೋ ಹಳೇದನ್ನ ಎಸೆದುಬಿಡು ಎಂದಿದ್ದರು ಹಿರಿಯ ಸಹಾಯಕರು, ಹೂಂ ಎಂದಿದ್ದಳು, ಅವಳ ಹೂಂ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಅವರಿಟ್ಟ ಹೆಸರು ಪಿಸುಮಾತು. ಆದರೆ ಆ ತಟ್ಟೆಯ ಅಂಚಿನಲ್ಲಿ ಕಂದು ಚುಕ್ಕೆ ಮೂಡುತ್ತಿತ್ತು, ಅಕ್ಕನ ಕಣ್ಣಿನ ಬಣ್ಣ, ಕಾಯಿಲೆಗೆ ಮುಂಚಿನದು, ಬ್ಲೀಚಿನ ಬಾಟಲಿ ಎತ್ತಿದ ಕೈ ಅಲ್ಲೇ ನಿಂತಿತು. ಎರಡು ತಿಂಗಳು, ದಿನ ಬಿಟ್ಟು ದಿನ, ಉಳಿದುಪಳಿದ ಪೋಷಕ ದ್ರವ ಹಾಕಿ ಸಾಕಿದಳು — ಮನೆಯಲ್ಲಿ ಅಕ್ಕ ಪರದೆ ಎಳೆದುಕೊಂಡು ಕೂತಿರುತ್ತಾಳೆ, ಬೆಳಕು ಚುಚ್ಚುತ್ತದೆ, ದೇಹ ಕಾಯಬೇಕಾದ ರಕ್ತದ ಬಿಳಿ ಕಣಗಳೇ ಕಣ್ಣಿಗೆ ನುಗ್ಗಿ ದಾಂಧಲೆ ಎಬ್ಬಿಸಿವೆ, ಹೊರಗಿನೋರು ಹೊಡೆದಿದ್ರೆ ಬೈಕೋಬಹುದಿತ್ತು ಕಣೇ, ಇವು ನಮ್ಮವೇ ಅಲ್ವಾ ಎಂದು ನಗುತ್ತಾಳೆ, ನಗುವಾಗಲೂ ಕಣ್ಣು ಮುಚ್ಚಿಯೇ.

ಬಣ್ಣದ ಕೋಶಗಳು ಆ ಬಿಳಿಯವನ್ನು ಸಮಾಧಾನಪಡಿಸುತ್ತವೆ ಎನ್ನುವುದು ಡಾಕ್ಟರಮ್ಮನ ನಂಬಿಕೆ, ಎರಡನ್ನೂ ಒಂದೇ ತಟ್ಟೆಗೆ ಬಿಟ್ಟು ನೋಡಿದರು, ಮೂರು ಸಲ, ಮೂರು ಸಲವೂ ಬಿಳಿಯವು ಗುಂಪುಗೂಡಿ ದ್ರಾಕ್ಷಿ ಗೊಂಚಲಿನಂತೆ ಉಬ್ಬಿದವು, ಸಿಟ್ಟು ಬಂದ ಕಣಗಳು ಹಾಗೇ ಗುಂಪು ಕಟ್ಟುವುದಂತೆ, ತೊಳೆಯಲು ಅವಳ ಕೈಗೆ ಬಂದ ತಟ್ಟೆಗಳ ತಳದ ಬಣ್ಣದ ಕೋಶಗಳೋ ಹಾಲಿನಷ್ಟು ಬಿಳುಪು, ಶಾಲೆಯ ಪುಸ್ತಕದಲ್ಲಿ ಕಣ್ಣಿನ ಬಣ್ಣದ ಪದರಕ್ಕೆ ಅವಳು ಪೆನ್ಸಿಲು ಸವೆಯುವಷ್ಟು ಕಪ್ಪು ತುಂಬಿದ್ದಳಲ್ಲ, ಇವು ಯಾಕೆ ಬಿಳುಪು, ಯಾರನ್ನು ಕೇಳುವುದು, ಒಂಬತ್ತನೇ ಕ್ಲಾಸಿಗೇ ಬಿಟ್ಟ ಶಾಲೆಯಲ್ಲಿ ಒಮ್ಮೆಯೂ ಕೈ ಎತ್ತದವಳು. ಸೋಮವಾರ ಡಾಕ್ಟರಮ್ಮ ಕೈಗವಸು ಕಿತ್ತು ಮೇಜಿನ ಮೇಲೆ ಹಾಕಿ ಈ ಕೆಲಸ ಇಲ್ಲಿಗೇ ಸಾಕು ಎಂದರು — ಸಾಕು ಎಂದರೆ ಅಕ್ಕನ ಪರದೆ? ನಲ್ಲಿ ಹರಿಯುತ್ತಲೇ ಇತ್ತು, ಅವಳ ಬಾಯಿಂದ ಬಂದ ದನಿ ಅವಳದಲ್ಲವೇ ಅಲ್ಲ, ಮೇಡಂ, ನೀವು ಹಾಕೋದೆಲ್ಲ ಎಳೇವು, ಬಣ್ಣ ಬಂದಿರಲ್ಲ ಅವಕ್ಕೆ, ನನ್ಹತ್ರ ಬಲಿತಿರೋದಿದೆ. ಯಾರನ್ನ ಕೇಳಿ ಇಟ್ಕೊಂಡೆ ಎಂದರು ಸಹಾಯಕರು, ಕೆಲಸ ಹೋಯಿತು ಎಂದುಕೊಂಡಳು, ಡಾಕ್ಟರಮ್ಮ ಮಾತ್ರ ಮೂಲೆಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇವತ್ತೇ ಇದಕ್ಕೆ ಬಿಳಿಯವನ್ನ ಬಿಟ್ಟು ನೋಡೋಣ ಎಂದರು.

ಅದಾಗಿ ಇವತ್ತಿಗೆ ನಾಲ್ಕು ದಿನ. ಪಕ್ಕದ ಬಿಳುಪು ತಟ್ಟೆಯಲ್ಲಿ ಅದೇ ಗೊಂಚಲು, ಇಲ್ಲಿ, ಇವಳ ತಟ್ಟೆಯಲ್ಲಿ, ಹುಡುಕುತ್ತಾಳೆ, ಎಡಕ್ಕೆ, ಬಲಕ್ಕೆ, ತಟ್ಟೆಯೊಳಗಿನ ಪುಟ್ಟ ಗುಂಡಿಗಳು, ಒಂದು, ಎರಡು, ಆರೂ ಗುಂಡಿ, ಒಂದು ಗೊಂಚಲೂ ಇಲ್ಲ, ಸಿಕ್ತಾ ಎನ್ನುತ್ತಾರೆ ಡಾಕ್ಟರಮ್ಮ, ಇಲ್ಲ ಮೇಡಂ, ಇಲ್ಲ ಎನ್ನುವ ಮಾತಿಗೆ ಇಷ್ಟು ಖುಷಿಯೇ, ಬಣ್ಣದಿಂದಾಯ್ತೋ ಬಲಿತಿದ್ದರಿಂದಾಯ್ತೋ ಇನ್ನೂ ನೋಡ್ಬೇಕು, ಔಷಧಿ ಅಂತ ಆಗೋಕೆ ವರ್ಷಗಳೇ ಬೇಕು, ಆದ್ರೆ ದಾರಿ ತೋರಿಸಿದ್ದು ನೀನು ಎನ್ನುತ್ತಿದ್ದಾರೆ ಡಾಕ್ಟರಮ್ಮ, ಏನಮ್ಮಾ, ಇನ್ಮೇಲೆ ಪಿಸುಮಾತು ಅನ್ನೋ ಹಾಗಿಲ್ವಲ್ಲ ಎನ್ನುತ್ತಿದ್ದಾರೆ ಸಹಾಯಕರು, ಅನ್ನಲಿ ಬಿಡಿ, ಪಿಸುಮಾತಿಗೇ ತಾನೇ ಆ ಬಿಳಿಯವು ಸುಮ್ಮನಾದದ್ದು, ಸಂಜೆ ಪರದೆಯ ಪಕ್ಕ ಕೂತು ಅಕ್ಕನಿಗೆ ಹೇಳಬೇಕು, ನಮ್ಮವೇ ಅಕ್ಕಾ, ಹೇಳೋ ಹಾಗೆ ಹೇಳಿದ್ರೆ ಕೇಳ್ತಾವೆ, ಎದ್ದು ಜಾಗ ಕೊಡಬೇಕು, ಕೊಡುತ್ತಾಳೆ, ಇನ್ನೊಂದೇ ಸಲ — ಆರು ಮೂಲೆಯ ಕಪ್ಪು, ಅದರ ಮೇಲೆ ಒಂದು ಬಿಳಿ ಚುಕ್ಕೆ, ಒಂದೇ, ಸುಮ್ಮನೆ ಕೂತಿದೆ.