ಬಯಲಲ್ಲಿ ಓದಿದ ಹೇಳಿಕೆ

ಪ್ರಾಣೇಶರಾಯರಿಗೆ ಪಿಸುಗುಡುವುದು ಬರುತ್ತಿರಲಿಲ್ಲ. ಹಾನಗಲ್ಲಿನ ಕೋರ್ಟಿನಲ್ಲಿ ನ್ಯಾಯಾಧೀಶರೆದುರು ಯಾವ ದನಿಯೋ, ದೇವರಮನೆಯಲ್ಲಿ ಸಂಧ್ಯಾವಂದನೆಗೆ ಕೂತಾಗಲೂ ಅದೇ ದನಿ. ಕಕ್ಷಿದಾರರ ಗುಟ್ಟೆಲ್ಲ ಮೊದಲು ಓಣಿಗೆ ಗೊತ್ತಾಗಿ ಆಮೇಲೆ ಕೋರ್ಟಿಗೆ ಹೋಗುತ್ತಿತ್ತು. ಒಳಮನೆಯಲ್ಲಿ ಅಕ್ಕಿ ಆರಿಸುತ್ತ ಕೂತ ಅವರ ಹೆಂಡತಿ ಮನೋರಮಾಬಾಯಿಗೆ ಗಂಡನ ವಕೀಲಿಯೆಲ್ಲ ಕೇಳಿ ಕೇಳಿಯೇ ಬಾಯಿಪಾಠವಾಗಿತ್ತು. ರಾಯರದು ಮೊಣಕೈಯ ಹತ್ತಿರ ಕೆಂಪಿಗೆ ತಿರುಗಿದ ಕರಿಯ ಕೋಟು, ಎದುರಿಗೆ ಬಾಗಿಲೊಂದನ್ನು ತಳ್ಳುತ್ತಿರುವವರಂತೆ ಎಡಭುಜ ಮುಂದೆ ಮಾಡಿ ನಡೆಯುವ ನಡಿಗೆ, ಯಾರು ಏನು ಹೇಳಿ ಮುಗಿಸಿದರೂ ‘ಹೌದು, ಮುಂದ?’ ಎಂದು ಕೇಳುವ ಚಾಳಿ. ಶಿಗ್ಗಾಂವದಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳು ಮಾಡಿಸುತ್ತೇವೆಂದು ಒಬ್ಬ ಪುಢಾರಿ ಭಾಷಣದಲ್ಲಿ ಅಂದದ್ದನ್ನು ಹಿಡಿದುಕೊಂಡು, ಆ ಪುಢಾರಿ ಸತ್ತ ಮೇಲೂ ಬಿಡದೆ, ಸಾವಿಗೆ ಮಾತನಾಡಿಸಲು ಹೋದ ಮನೆಯಲ್ಲೇ ಅವನ ಮಗನಿಗೆ ಆ ನೆರಳಿನ ನೆನಪು ಮಾಡಿ ಬಂದವರು ಅವರು.

ಎಪ್ಪತ್ತಾರರಲ್ಲಿ ಜೀತ ರದ್ದಾಯಿತೆಂದು ಕಾಯಿದೆ ಬಂದಾಗಲೂ ರಾಯರು ‘ಮುಂದ?’ ಎಂದೇ ಕೇಳಿದ್ದರು. ಉತ್ತರವೆಂಬುದೊಂದು ಬಂದದ್ದು ಎಂಬತ್ತರ ದಶಕದ ನಡುವೆ, ಅದೂ ಪರದೇಶದ ದಾರಿಯಿಂದ. ತಮ್ಮ ಪ್ರಜೆಗಳನ್ನು ಹೇಗೆ ನಡೆಸಿಕೊಂಡಿದ್ದೇವೆಂದು ಸರಕಾರಗಳು ಲೆಕ್ಕ ಒಪ್ಪಿಸಬೇಕಾದ ದೊಡ್ಡ ಸಭೆಯೊಂದು ಅಲ್ಲೆಲ್ಲೋ ಸೇರುತ್ತದಂತೆ. ಅಲ್ಲಿ ನಮ್ಮವರನ್ನೂ ನಿಲ್ಲಿಸಿ ಜೀತದ ಮಾತು ಕೇಳಿದರಂತೆ. ಜೀತದಲ್ಲಿ ಉಳಿದವರನ್ನು ಹುಡುಕಿ ಬಿಡಿಸುತ್ತೇವೆ, ಉಳುವುದಕ್ಕೆ ಹೊಲ ಕೊಡುತ್ತೇವೆ ಎಂದು ನಮ್ಮವರು ಮಾತು ಕೊಟ್ಟು ಬಂದರಂತೆ. ಆ ಮಾತು ನಡೆದಿದೆಯೋ ಇಲ್ಲವೋ ಊರೂರಿಗೆ ಹೋಗಿ ನೋಡಿ ತಿಳಿಸಿರೆಂದು ದಿಲ್ಲಿಯ ಸಂಘವೊಂದು ರಾಯರಂಥವರಿಗೆಲ್ಲ ಬರೆಯಿತು.

‘ನೋಡು, ಜಗತ್ತಿನ ಮುಂದ ಒಪ್ಕೊಂಡು ಬಂದಾರ. ಇನ್ನ ಹ್ಯಾಂಗ ತಪ್ಪಿಸ್ಕೋತಾರ?’ ಎಂದು ರಾಯರು ಹಿಗ್ಗಿದರು.

‘ಬಸ್ಸಿನ ನೆರಳಿಗೂ ಒಪ್ಕೊಂಡಿದ್ರು,’ ಎಂದರು ಮನೋರಮಾಬಾಯಿ.

‘ಅದು ಶಿಗ್ಗಾಂವ. ಇದು ಜಗತ್ತು.’

ಸವಣೂರಿನ ಟೈಪಿಸ್ಟ್ ಅಕ್ಬರಸಾಬ, ಹಿರೇಕೆರೂರಿನ ಕಡೆಯ ಇಬ್ಬರು ನಿವೃತ್ತ ಮಾಸ್ತರರು ಜೊತೆಗೂಡಿದರು. ರಜೆ ಬಂದರೆ ಸಾಕು, ಬಸ್ಸು ಹತ್ತಿ ಹಳ್ಳಿಗಳಿಗೆ ಹೊರಟೇಬಿಡುವರು. ಅಕ್ಕಿಆಲೂರಿನ ಆಚೆಯ ಒಂದು ಹಳ್ಳಿಯಲ್ಲಿ ಉಳವಪ್ಪಗೌಡರ ಭತ್ತದ ಗದ್ದೆಯಲ್ಲಿ ಅಪ್ಪನ ಕಾಲದಿಂದಲೂ ಜೀತಕ್ಕಿದ್ದ ಲಕ್ಷ್ಮಪ್ಪ ಸಿಕ್ಕ. ಅವನಿದ್ದ ಗುಡಿಸಲು ಗೌಡರ ಹಿತ್ತಲಲ್ಲೇ, ಹುಲ್ಲಿನ ಬಣವಿಗೆ ಒತ್ತಿಕೊಂಡು. ಅವನಿಗೆ ಬಾಯಿ ಬಿಡಲು ಮನಸ್ಸಿರಲಿಲ್ಲ. ಬಾಯಿ ಬಿಡಿಸಿದವಳು ಹೆಂಡತಿ ಭರಮವ್ವ. ಸರಕಾರದ ಬಿಡುಗಡೆ ಪತ್ರ ಕೈಗೆ ಬಂದರೆ ಹೊಲ ಸಿಗುತ್ತದೆಂದು ರಾಯರು ಹೇಳಿದ ಗಳಿಗೆಯಿಂದ ಅವಳು ಆ ಹೊಲಕ್ಕೆ ಬೀಜವನ್ನೂ ಗೊತ್ತು ಮಾಡಿಬಿಟ್ಟಿದ್ದಳು.

ಹೇಳಿಕೆ ಬರೆದದ್ದಾಯಿತು. ಕೊಟ್ಟವನಿಗೆ ನಾಲ್ಕು ಮಂದಿಯ ಎದುರು ಓದಿ ಕೇಳಿಸಿ ಆಮೇಲೆ ಹೆಬ್ಬೆಟ್ಟು ಒತ್ತಿಸುವುದು ರಾಯರು ಜೀವಮಾನವೆಲ್ಲ ನಡೆಸಿಕೊಂಡು ಬಂದ ಪದ್ಧತಿ. ಚಾವಡಿಯ ಕಟ್ಟೆಯ ಮೇಲೆ ಊರು ಸೇರಿತ್ತು.

‘ರಾಯರ, ಗುಡಿಸಲಿನ್ಯಾಗ ಕುಂತು ಓದೂಣ್ರಿ,’ ಎಂದ ಅಕ್ಬರಸಾಬ.

‘ಯಾಕ, ಕಳವು ಮಾಡಲಿಕ್ಕತ್ತೇವೇನು? ಒಳಗ ಕೂತು ಓದಿದ್ರ ನಾಳೆ ಕಟ್ಟಿದ ಕತಿ ಅಂತಾರ.’

ಓದಿದರು. ಎಡಭುಜ ಮುಂದೆ ಮಾಡಿ ನಿಂತು, ಹೊಡೆತ, ಬೈಗಳು, ಮಗುವಿಗೆ ಜ್ವರ ಬಂದ ದಿನವೂ ಬಿಡದೆ ದುಡಿಸಿಕೊಂಡದ್ದು, ಯಾವುದನ್ನೂ ಬಿಡದೆ ಓದಿದರು. ಕಟ್ಟೆಯ ತುದಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ಉಳವಪ್ಪಗೌಡರು ಕೊನೆಯವರೆಗೆ ಸಮಾಧಾನದಿಂದ ಕೇಳಿ, ‘ಚಲೋ ಬರದೀರಿ ರಾಯರ. ಒಂದಕ್ಷರ ಸುಳ್ಳಿಲ್ಲ,’ ಎಂದು ಎದ್ದು ಹೋದರು.

ಮರುದಿನ ಹೊತ್ತೇರುವುದರೊಳಗೆ ಗುಡಿಸಲಿನ ಹೊದಿಕೆ ಕಿತ್ತು ಬಿದ್ದಿತ್ತು, ಇನ್ನು ಗದ್ದೆಗೆ ಕಾಲಿಡಬೇಡಿರೆಂದು ಗೌಡರು ಹೇಳಿಕಳಿಸಿದ್ದರು. ಊರಿನ ಬೇರೆ ಗದ್ದೆಗಳಲ್ಲೂ ಗಂಡಹೆಂಡಿರನ್ನು ಕೂಲಿಗೆ ಕರೆಯುವವರಿಲ್ಲವಾಯಿತು.

ರಾಯರ ವರದಿ ದಿಲ್ಲಿಗೆ ಹೋಗಿ, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ, ಸರಕಾರದ ಉತ್ತರವನ್ನು ಹೊತ್ತು ತಿರುಗಿ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಉತ್ತರ ಇಷ್ಟೇ: ಸ್ಥಳ ತನಿಖೆಯಾಗಿದೆ; ವರದಿಯಲ್ಲಿ ಹೆಸರಿಸಿದ ಲಕ್ಷ್ಮಪ್ಪನೆಂಬುವನು ಯಾರ ಮನೆಯಲ್ಲೂ ಜೀತಕ್ಕಿಲ್ಲ. ಅದೂ ಒಂದಕ್ಷರ ಸುಳ್ಳಾಗಿರಲಿಲ್ಲ. ಜೀತದಲ್ಲೇ ಇಲ್ಲದವನಿಗೆ ಬಿಡುಗಡೆ ಪತ್ರ ಎಲ್ಲಿಂದ ಬರಬೇಕು, ಹೊಲವಂತೂ ದೂರ ಉಳಿಯಿತು. ದಿಲ್ಲಿಯ ಸಂಘದವರು ಮಾತ್ರ ಹಾನಗಲ್ಲ ತಾಲೂಕಿನಲ್ಲಿ ಒಬ್ಬನ ಬಿಡುಗಡೆಯಾಯಿತೆಂದು ಲೆಕ್ಕಕ್ಕೆ ಹಿಡಿದು ರಾಯರನ್ನು ಅಭಿನಂದಿಸಿದರು.

ಅದೇ ವಾರ ಭರಮವ್ವ ರಾಯರ ಮನೆಯ ಹಿತ್ತಲ ಬಾಗಿಲಿಗೆ ಬಂದಳು. ಮನೋರಮಾಬಾಯಿ ಅವಲಕ್ಕಿ ಕೊಟ್ಟರೆ ಸೆರಗಿಗೆ ಕಟ್ಟಿಕೊಂಡಳೇ ಹೊರತು ತಿನ್ನಲಿಲ್ಲ.

‘ಬಾಯಾರ, ರಾಯರಿಗೆ ಒಂದ್ ಮಾತ್ ಹೇಳ್ರಿ. ಗೌಡ್ರು ಅವರ ಮಾತು ಕೇಳ್ತಾರ. ನಮ್ಮನ್ನ ತಿರುಗಿ ಇಟ್ಕೊಳ್ಳಾಕ ಹೇಳ್ರಿ ಅಂತ.’

‘ಮತ್ತ ಜೀತಕ್ಕೇನ?’

‘ಹೊಟ್ಟೀಗಿ ಬೇಕಲ್ರಿ. ಹೊಲದ ಆಸೆ ನಂದ ಇತ್ತು, ನನ್ನ ಗಂಡಂದಲ್ಲ. ಈಗ ಮಾತಾಡ್ಸಿದ್ರ ಮಾತಾಡಂಗಿಲ್ಲ ಅವ.’

ರಾಯರು ಹೋದರು. ಕೋಟು ಹಾಕಿಕೊಳ್ಳದೆ ಹೋದರು. ಗೌಡರ ಪಡಸಾಲೆಯಲ್ಲಿ ನಡೆದದ್ದನ್ನು ಮನೋರಮಾಬಾಯಿಗೆ ಹೇಳಿದವನು ಜೊತೆಗೆ ಹೋಗಿದ್ದ ಅಕ್ಬರಸಾಬ. ಗೌಡರು ಚಹಾ ತರಿಸಿದರಂತೆ, ಒರಗಲು ದಿಂಬು ಕೊಟ್ಟರಂತೆ, ರಾಯರ ಮಾತು ಪೂರಾ ಕೇಳಿ, ‘ಜೀತಕ್ಕ ಇಟ್ಕೊಳ್ಳೂದು ಕಾಯಿದೆಗೆ ವಿರುದ್ಧ ಅಲ್ಲೇನ್ರಿ ರಾಯರ? ನೀವ ನಿಂತು ಓದಿ ಹೇಳೀರಿ. ಸರಕಾರ ಮಾತ್ ಕೊಟ್ಟೈತಿ, ನಾ ಹ್ಯಾಂಗ ಮುರೀಲಿ?’ ಎಂದರಂತೆ.

ಆ ಚಳಿಗಾಲದಲ್ಲಿ ಭರಮವ್ವ, ಲಕ್ಷ್ಮಪ್ಪ ಮಗುವನ್ನು ಕಟ್ಟಿಕೊಂಡು ಊರು ಬಿಟ್ಟರು. ರಟ್ಟೀಹಳ್ಳಿಯ ಕಡೆ ಇಟ್ಟಂಗಿ ಸುಡುವ ಭಟ್ಟಿಗೆ ಹೋದರೆಂದು ಕೆಲವರು ಅಂದರು. ಅಲ್ಲಿ ವಿಚಾರಿಸಲು ಹೋದ ರಾಯರಿಗೆ ಅವರು ಸಿಗಲಿಲ್ಲ. ರಾಯರು ದಿಲ್ಲಿಗೆ ಮತ್ತೆ ಬರೆದರು, ಮತ್ತೆ ಬರೆದರು.

ಇಂಥವರು ತಾಲೂಕಿಗೊಬ್ಬರಾದರೂ ಇರುತ್ತಾರೆ, ಇರಲೂಬೇಕು. ದೊಡ್ಡವರು ಕೊಟ್ಟ ಮಾತಿನ ಬೆನ್ನು ಹತ್ತುವವರೇ ಇಲ್ಲವಾದರೆ ಆ ಮಾತು ಕೊಟ್ಟಲ್ಲೇ ಸತ್ತು ಬಿದ್ದಿರುತ್ತದೆ. ಆದರೆ ಅವರಿಗೆ ಸಂಜೆ ತಿರುಗಿ ಬರಲು ಮನೆಯಿರುತ್ತದೆ, ಕದ ತೆರೆಯಲು ಒಬ್ಬರಿರುತ್ತಾರೆ, ಆದ್ದರಿಂದ ಲೋಕವೆಲ್ಲ ತಮ್ಮಷ್ಟೇ ಗಟ್ಟಿಯಾಗಿ ನಿಂತಿದೆಯೆಂದು ತಿಳಿಯುತ್ತಾರೆ. ಸತ್ಯ ಹೇಳಿದ ದಿನ ಅವರದಾಗಿರುತ್ತದೆ. ಅದರ ಮರುದಿನ ಬಡವರ ಪಾಲಿಗೆ ಬರುತ್ತದೆ.