ನನ್ನ ರೆಕ್ಕೆಯ ಧೂಳು

ಶಶಿರೇಖಾ ಹಲ್ಲುಜ್ಜುವ ಹಳೆಯ ಬ್ರಶ್ಶೊಂದನ್ನು ಹಿಡಿದು ನನ್ನ ರೆಕ್ಕೆಗಳನ್ನು ತಿಕ್ಕುತ್ತಿದ್ದಳು. ಕಂಪ್ಯೂಟರಿನ ಡಬ್ಬಿ ನೆಲದಲ್ಲಿ ಹಾಸಿದ ಪೇಪರಿನ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು. ನನ್ನ ಸಂದುಗಳಿಂದ ಧೂಳು ಹಳೆಯ ಕೌದಿಯ ಚಿಂದಿಯಂತೆ ಎದ್ದು ಬರುತ್ತಿತ್ತು.

“ಏನವಾ, ಲ್ಯಾಬಿನ್ಯಾಗ ದೀಪಾವಳಿ ಚಾಲೂ ಮಾಡಿಯೇನು?” ಎಂದ ಪಕ್ಕದ ಮೇಜಿನ ದಾದಾಪೀರ. ಅವನೂ ಅವಳಂತೆಯೇ ಎಂ.ಟೆಕ್. ಓದುವವನು.

“ಸುಮ್ನ ಕುಂದರು. ಇಲ್ಲಾಂದ್ರ ನಿನ್ನ ತಲಿಗೂ ಇದ ಬ್ರಶ್ ಹಚ್ತೀನಿ.”

ಇಬ್ಬರೂ ನಕ್ಕರು. ನನಗೂ ಹಗುರವಾಯಿತು. ಆ ಧೂಳಿನ ಜೊತೆಗೆ ಅವಳ ನೆಮ್ಮದಿಯೂ ಕಸದ ಬುಟ್ಟಿಗೆ ಹೋಗುತ್ತಿದೆಯೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು ಒಂದು ಫ್ಯಾನು. ಚಾವಣಿಯಿಂದ ತೂಗುವ ದೊಡ್ಡ ಜಾತಿಯದಲ್ಲ, ಅಂಗೈಯಗಲದ್ದು. ಕಂಪ್ಯೂಟರಿನೊಳಗೆ ಲೆಕ್ಕವೆಲ್ಲ ಮಾಡುವ ಪ್ರೊಸೆಸರಿನ ನೆತ್ತಿಯ ಮೇಲೆ ಕೂತು, ಅದಕ್ಕೆ ಗಾಳಿ ಹಾಕುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಮೊದಲ ಸಲ ಕರೆಂಟು ಕೊಟ್ಟು ತಿರುಗಿಸಿದಾಗ ನನ್ನ ಪಕ್ಕದ್ದು ತಿರುಗಲಿಲ್ಲ. ಅದನ್ನು ಎತ್ತಿ ತಗಡಿನ ಡಬ್ಬಕ್ಕೆ ಒಗೆದರು. ನಿಂತರೆ ಮುಗಿಯಿತು ಎಂಬ ಅಂಜಿಕೆ ಅಂದೇ ನನ್ನೊಳಗೆ ಕೂತಿತು. ಬಹುಕಾಲ ಎದ್ದು ಹೋಗಲಿಲ್ಲ.

ಮೊದಲು ನಾನು ಬಂದದ್ದು ಹುಬ್ಬಳ್ಳಿಯ ಕಾಲೇಜೊಂದರ ಆಫೀಸಿಗೆ. ಅಲ್ಲಿಯ ಕ್ಲಾರ್ಕಮ್ಮ ನನ್ನ ಡಬ್ಬಿಯ ಮೇಲೆಯೇ ದೇವರ ಫೋಟೋ ಇಟ್ಟು ಊದಿನಕಡ್ಡಿ ಹಚ್ಚುತ್ತಿದ್ದಳು. ಆ ಹೊಗೆ, ಆ ಬೂದಿ, ಫೈಲುಗಳ ಧೂಳು ಎಲ್ಲವನ್ನೂ ಉಂಡೆ. ಆಫೀಸಿಗೆ ಹೊಸ ಕಂಪ್ಯೂಟರು ಬಂದಾಗ ಹಳೆಯದನ್ನು ಲ್ಯಾಬಿಗೆ ತಳ್ಳಿದರು. ಹಾಗೆ ಶಶಿರೇಖಾಳ ಕೈ ಸೇರಿದೆ.

ಅವಳ ಸಂಶೋಧನೆ ಇಷ್ಟು. ಪ್ರೊಸೆಸರು ಬಲು ಚುರುಕು, ಅದಕ್ಕೆ ಅಂಕಿಗಳನ್ನು ತಂದುಕೊಡುವ ಮೆಮೊರಿ ನಿಧಾನ. ರೊಟ್ಟಿ ಬಡಿಯುವವಳು ಕೇಳುವ ಮೊದಲೇ ಹಿಟ್ಟಿನ ಉಂಡೆ ಕೈಗೆ ಸಿಕ್ಕಬೇಕಲ್ಲ, ಹಾಗೆ ಮುಂದೆ ಏನು ಬೇಕಾದೀತೆಂದು ಊಹಿಸಿ ಮೊದಲೇ ತಂದಿಡುವ ಉಪಾಯವೊಂದನ್ನು ಅವಳು ಕಟ್ಟಿದ್ದಳು. ಹಳೆಯ ಪದ್ಧತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲು ಅಳೆದಳು. ಆಮೇಲೆ ನನ್ನನ್ನು ತಿಕ್ಕಿ ಸ್ವಚ್ಛ ಮಾಡಿದಳು. ಆಮೇಲೆ ತನ್ನ ಪದ್ಧತಿಯನ್ನು ಅಳೆದಳು. ಮೂರರಲ್ಲಿ ಒಂದು ಪಾಲು ಹೊತ್ತು ಉಳಿತಾಯವಾಗಿತ್ತು!

“ಹಾರಿಸಿಬಿಟ್ಟೆಲ್ಲವಾ!” ಎಂದರು ಅವಳ ಗೈಡು ಅಂಗಡಿ ಸರ್. ಇಬ್ಬರ ಹೆಸರಿನಲ್ಲೂ ಲೇಖನ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದರು. ಪತ್ರಿಕೆಯವರು ಒಪ್ಪಿಕೊಂಡರು. “ಪಿಎಚ್.ಡಿ.ಗೆ ನನ್ನ ಹತ್ರನ ಇರು,” ಎಂದರು ಸರ್. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಮಾತು.

ನನಗೆ ಮಾತ್ರ ಒಳಗೊಳಗೇ ನಡುಕ. ಆ ಹೊತ್ತು ಉಳಿಸಿದ್ದು ಯಾರೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಎಲ್ಲಿದೆ?

ಎಂ.ಟೆಕ್. ವೈವಾ ದಿನ ಕಂಪ್ಯೂಟರನ್ನು ಸೆಮಿನಾರ್ ಹಾಲಿಗೆ ಹೊತ್ತೊಯ್ದರು. ಹೊರಗಿನ ಪರೀಕ್ಷಕರಾಗಿ ಬಂದವರು ಡಾ. ಸುಂಕದ ಮೇಡಂ. ಶಶಿರೇಖಾ ಪರದೆಯ ಮೇಲೆ ಚಿತ್ರ ತೋರಿಸುತ್ತ ಚೆನ್ನಾಗಿಯೇ ವಿವರಿಸಿದಳು. ಮೇಡಂ ತಲೆಯಾಡಿಸಿ, “ಭಾಳ ಛಲೋ ಐತಿ. ಹಳೇ ಪದ್ಧತಿನೂ ಇಲ್ಲೇ ಒಮ್ಮೆ ಓಡಿಸವಾ, ನೋಡೂಣು,” ಎಂದರು.

ಅವಳು ಓಡಿಸಿದಳು. ನಾನು ಸ್ವಚ್ಛ ರೆಕ್ಕೆ ಬೀಸುತ್ತ ತಿರುಗಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ನಿಧಾನವಾಗಿ ತುಂಬಬೇಕಾಗಿತ್ತು, ಸರಸರನೆ ತುಂಬತೊಡಗಿತು. ಅವಳು ಪರದೆಯತ್ತ ಬಾಗಿದಳು.

“ಚಹಾ ಆರಾಕತ್ತೈತ್ರಿ ಮೇಡಂ,” ಎಂದರು ಅಂಗಡಿ ಸರ್, ಏನೂ ಅರಿಯದೆ. “ಅಂಕಿ ಎಲ್ಲಾ ರಿಪೋರ್ಟಿನ್ಯಾಗ ಅದಾವು.”

ಎಲ್ಲರೂ ಎದ್ದರು. ಕೊನೆಯ ಅಂಕಿ ಪರದೆಗೆ ಬಂದಾಗ ನೋಡಿದವಳು ಅವಳೊಬ್ಬಳೇ. ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯ ಅಂತರ.

ಲ್ಯಾಬಿಗೆ ಮರಳಿ ಮತ್ತೆ ಮತ್ತೆ ಓಡಿಸಿದಳು. ಪ್ರತಿ ಸಲವೂ ಅಷ್ಟೇ. ಆಗ ಪೆನ್ನುಗಳ ನಡುವೆ ಸಿಕ್ಕಿಸಿಟ್ಟಿದ್ದ ಆ ಬ್ರಶ್ಶು ಕಣ್ಣಿಗೆ ಬಿತ್ತು.

“ಅಯ್ಯ ನನ್ನವ್ವಾ!”

ಧೂಳು ನನ್ನ ಉಸಿರು ಕಟ್ಟಿಸಿದ್ದಾಗ ಪ್ರೊಸೆಸರು ಕಾದು, ಸುಟ್ಟುಹೋಗುವ ಭಯಕ್ಕೆ ತಾನೇ ನಡಿಗೆ ತಗ್ಗಿಸಿಕೊಂಡಿತ್ತು. ಹಳೆಯ ಪದ್ಧತಿಯನ್ನು ಅವಳು ಅಳೆದದ್ದು ಆಗ. ವೇಗ ಹೆಚ್ಚಿಸಿದ್ದು ಅವಳ ಉಪಾಯವಲ್ಲ, ಅವಳ ಬ್ರಶ್ಶು.

ಪತ್ರಿಕೆಯ ಸಂಪಾದಕರಿಗೆ ಪತ್ರ ಟೈಪು ಮಾಡಿದಳು, ಲೇಖನ ವಾಪಸು ತೆಗೆದುಕೊಳ್ಳುತ್ತೇವೆ ಎಂದು. ಕಳಿಸಲಿಲ್ಲ. ದಿನವೂ ತೆರೆಯುವಳು, ಒಂದು ಅಕ್ಷರ ತಿದ್ದುವಳು, ಬಾಗಿಲಲ್ಲಿ ಸರ್ ಚಪ್ಪಲಿಯ ಸಪ್ಪಳವಾದರೆ ಮುಚ್ಚುವಳು. ಊಟದ ಡಬ್ಬಿ ತಂದ ಹಾಗೆಯೇ ಮನೆಗೆ ಹೋಗುತ್ತಿತ್ತು. ಅವಳ ಭಯ ನನಗೂ ಅಂಟಿತೋ, ವಯಸ್ಸೇ ಆಯಿತೋ, ನಾನೂ ಕಿರ್ರೆನ್ನತೊಡಗಿದೆ. ಮಳೆಗಾಲ ಹೋಗಿ ಚಳಿ ಬಂತು. ಲೇಖನ ಅಚ್ಚಾಗುವ ದಿನ ಹತ್ತಿರವಾಯಿತು.

ದಾದಾಪೀರ ಹೊಸ ಫ್ಯಾನು ತಂದ. “ಈ ಮುದುಕೀನ ತಗದು ಒಗಿ. ಇದರ ನರಳಾಟ ಕೇಳಿ ನನಗ ಜ್ವರ ಬರಾಕತ್ತೈತಿ.”

“ತಡಿಯೋ. ಇದರದು ಇನ್ನೊಂದ್ ಕೆಲಸ ಐತಿ,” ಎಂದು ಅವಳು ಅಂಗಡಿ ಸರ್ ಅವರನ್ನು ಕರೆತಂದಳು. ಅವರೆದುರಿಗೇ ಡಬ್ಬಿ ತೆರೆದು ಹಳೆಯ ಪದ್ಧತಿಯನ್ನು ಓಡಿಸಿ, ಒಂದು ರಟ್ಟು ತೆಗೆದು ನನ್ನ ಮುಖಕ್ಕೆ ಒತ್ತಿ ಹಿಡಿದಳು.

ಗಾಳಿಯಿಲ್ಲ. ಕೆಳಗೆ ಪ್ರೊಸೆಸರು ಕೆಂಡದಂತೆ ಕಾಯತೊಡಗಿತು. ಇದೇ ನನ್ನ ಕೊನೆ ಅಂದುಕೊಂಡೆ. ಪರದೆಯ ಮೇಲೆ ಮೊದಲಿನ ಆ ನಿಧಾನದ ಅಂಕಿ ಬಂತು. ರಟ್ಟು ತೆಗೆದು ಅದನ್ನೇ ಮತ್ತೆ ಓಡಿಸಿದಳು, ಬೇಗದ ಅಂಕಿ ಬಂತು.

ಸರ್ ಕನ್ನಡಕ ತೆಗೆದು ಒರೆಸಿದರು. “ಯಾವಾಗ ಗೊತ್ತಾತು?”

“ವೈವಾ ದಿನಾನ್ರಿ.”

“ಇಷ್ಟ್ ದಿನ ಯಾಕ ಹೇಳಲಿಲ್ಲ?”

“ಅಂಜಿಕಿ ಆತ್ರಿ ಸರ್. ಲೇಖನದಾಗ ನಿಮ್ಮ ಹೆಸರೂ ಐತಲ್ರಿ. ವಾಪಸ್ ತಗೊಳ್ಳೂ ಪತ್ರ ಬರದಿಟ್ಟೀನ್ರಿ, ಕಳಿಸಿಲ್ಲ.”

“ಪಿಎಚ್.ಡಿ. ಮಾತು ಸದ್ಯ ಬ್ಯಾಡ,” ಎಂದು ಅವರು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನೋಡದೆಯೇ, “ಪತ್ರದ ಕೆಳಗ ನನ್ನ ಹೆಸರೂ ಹಾಕು,” ಎಂದರು.

ಈಗ ನನ್ನ ಜಾಗದಲ್ಲಿ ಹೊಸದು ತಿರುಗುತ್ತಿದೆ. ನಾನು ಅವಳ ಮೇಜಿನ ಮೇಲೆ, ಆ ಬ್ರಶ್ಶಿನ ಪಕ್ಕ ಕೂತಿದ್ದೇನೆ. ನಿಂತರೆ ಮುಗಿಯಿತು ಎಂದು ಜನ್ಮವಿಡೀ ಅಂಜಿದೆ. ನಿಂತಿದ್ದೇನೆ, ಆದರೂ ಕಾಣುತ್ತಿದೆ, ಕೇಳುತ್ತಿದೆ.

ಅವಳು ಪತ್ರ ತೆರೆದಳು. ತನ್ನ ಹೆಸರಿನ ಕೆಳಗೆ ಸರ್ ಹೆಸರು ಸೇರಿಸಿದಳು. ಒತ್ತಿದಳು. ಪತ್ರ ಹೋಯಿತು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಅವಳು ಮೇಜಿನ ಮೇಲೆ ಬಾಗಿ ಹೊರಬಿಟ್ಟಳು. ಅದು ಬಂದು ತಾಕಿತು, ನನ್ನ ರೆಕ್ಕೆಗಳು ಕಿರ್ರೆಂದು ಅರ್ಧ ಸುತ್ತು ತಿರುಗಿದವು.